ಮೂರನೇ ಸಲ ಕೇಳದೆ ಹೋದ ಚಾನೆಲ್

ನಮ್ಮ ನೋರ್ಬಿ ಊರಿನಲ್ಲಿ ಯಾರಾದರೂ ಕಾಫಿ ಹಿಡಿದು ಬಂದು 'ತಗೊಳ್ತೀರಾ?' ಎಂದು ಕೇಳಿದರೆ 'ಅಯ್ಯೋ, ಬೇಡ' ಅನ್ನಬೇಕು. ಎರಡನೇ ಸಲ ಕೇಳಿದರೆ 'ಸುಮ್ಮನೆ ನಿಮಗೆ ತೊಂದರೆ' ಅನ್ನಬೇಕು. ಮೂರನೇ ಸಲ ಕೇಳಿದಾಗ 'ಹೇಗೂ ಮಾಡಿಬಿಟ್ಟಿದ್ದೀರಲ್ಲ, ಅರ್ಧ ಲೋಟ ಕೊಡಿ' ಎಂದು ಎರಡು ಲೋಟ ಕುಡಿಯಬೇಕು. ಇದು ನಮ್ಮ ಮುತ್ತಜ್ಜಂದಿರು ನಾರ್ವೆಯಿಂದ ಮಿನ್ನೆಸೋಟಕ್ಕೆ ಹಡಗಿನಲ್ಲಿ ತಂದ ಶಾಸ್ತ್ರ. ತರಲು ಅವರ ಬಳಿ ಬೇರೇನೂ ಇರಲಿಲ್ಲ. ಮೊದಲ ಸಲಕ್ಕೇ 'ಹೂಂ' ಅನ್ನುವವನನ್ನು ನಾವು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅವನ ಮಗಳಿಗೆ ಈ ಊರಿನಲ್ಲಿ ಗಂಡು ಸಿಕ್ಕುವುದು ಮಾತ್ರ ಕಷ್ಟ.

ಈ ಶಾಸ್ತ್ರ ನಮ್ಮನ್ನು ನೂರಿಪ್ಪತ್ತು ವರ್ಷ ಕಾಪಾಡಿತು. ಆಮೇಲೆ ಒಂದು ಟಿ.ವಿ. ಚಾನೆಲ್ಲಿನ ವಿಚಾರದಲ್ಲಿ ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟಿತು. ನಾನು ಸೆಲ್ಮರ್ ಸ್ಕಾರ್, ನೋರ್ಬಿ ಕೇಬಲ್ ಟಿ.ವಿ. ಸಹಕಾರ ಸಂಘದ ಕಾರ್ಯದರ್ಶಿ. ನಡೆದದ್ದನ್ನೆಲ್ಲ ಸಂಘದ ನಡವಳಿ ಪುಸ್ತಕದಲ್ಲಿ ನಾನೇ ಬರೆದಿದ್ದೇನೆ. ಅದನ್ನು ಓದಿದರೆ ಎಲ್ಲವೂ ಸುಸೂತ್ರವಾಗಿ ನಡೆದಂತೆ ಕಾಣುತ್ತದೆ. ಆದ್ದರಿಂದ ಇಲ್ಲಿ ನಿಜ ಬರೆಯುತ್ತಿದ್ದೇನೆ.

ಸಂಘದ ಅಧ್ಯಕ್ಷ ಆರ್ವಿಡ್ ಟೋಲೆಫ್ಸನ್. ನನ್ನ ಪಕ್ಕದ ಮನೆಯವನು. ಮೂವತ್ತೆಂಟು ವರ್ಷ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗಿ ನಿವೃತ್ತನಾದ ಪ್ರಾಣಿ. ಅವನು ಅಧ್ಯಕ್ಷನಾದದ್ದೂ ಒಂದು ಕಥೆಯೇ. ವಾರ್ಷಿಕ ಸಭೆಯ ದಿನ, ಕಾಫಿ ಕುದಿಯಿತೋ ಇಲ್ಲವೋ ನೋಡಲು ಅಡುಗೆಮನೆಗೆ ಹೋಗಿದ್ದ. ಬರುವಷ್ಟರಲ್ಲಿ ಅಧ್ಯಕ್ಷನಾಗಿದ್ದ. ಬೇಡ ಅನ್ನಬೇಕಾದರೆ ಮನುಷ್ಯ ಎದುರಿಗಿರಬೇಕಲ್ಲ! ಎದುರಿಗಿಲ್ಲದವನನ್ನು ಮೂರು ಸಲ ಕೇಳುವುದು ಹೇಗೆ? ಅವಿರೋಧ ಆಯ್ಕೆ.

ಅವನ ಹೆಂಡತಿ ವರ್ನಾ. ಅವಳ ಸೊಂಟದ ಎರಡೂ ಕೀಲುಗಳು ಸವೆದು, ನಾಲ್ಕು ಕಾಲಿನ ವಾಕರ್ ಚೌಕಟ್ಟು ಹಿಡಿದು ಮನೆಯೊಳಗೆ ನಡೆಯುವುದೇ ದೊಡ್ಡ ಯಾತ್ರೆಯಾಗಿತ್ತು. ಕಾರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮೊಮ್ಮಗಳು ಸಿಗ್ನೆ ಓದುತ್ತಿದ್ದ ಕಾಲೇಜು ನಾಲ್ಕು ಗಂಟೆಯ ದಾರಿ. ಸಿಗ್ನೆ ಅಲ್ಲಿನ ಹೆಣ್ಣುಮಕ್ಕಳ ಐಸ್ ಹಾಕಿ ತಂಡದಲ್ಲಿ ಗೋಲ್‌ಕೀಪರ್. ಮೂರು ವರ್ಷ ಬೆಂಚಿನ ಮೇಲೆ ಕೂತು ಕೂತು, ಕೊನೆಯ ವರ್ಷ ಅವಳಿಗೆ ಗೋಲು ಕಾಯುವ ಯೋಗ ಬಂದಿತ್ತು. ಅವಳಿಗೆ ಆಟ ಕಲಿಸಿದವಳು ವರ್ನಾಳೇ. ಏಳು ವರ್ಷದ ಕೂಸನ್ನು ಗ್ಯಾರೇಜಿನ ಬಾಗಿಲ ಮುಂದೆ ನಿಲ್ಲಿಸಿ, ಎಪ್ರನ್ ಕಟ್ಟಿಕೊಂಡೇ ಕೋಲು ಬೀಸಿ, ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತಿದ್ದಳು. ಆ ಬಾಗಿಲಿನ ತಗ್ಗುಗಳು ಇವತ್ತಿಗೂ ಇವೆ. ಮೊಮ್ಮಗಳು ನಿಜವಾದ ಮೈದಾನದಲ್ಲಿ ಗೋಲು ಕಾಯುವುದನ್ನು ಒಂದೇ ಒಂದು ಸಲ ನೋಡಬೇಕು ಅನ್ನುವುದು ಅವಳಿಗಿದ್ದ ಒಂದೇ ಆಸೆ.

ಆ ವರ್ಷ ಸಿಗ್ನೆಯ ತಂಡದ ಆಟಗಳನ್ನೆಲ್ಲ ತೋರಿಸುವ ಹಕ್ಕು ಒಂದು ಹೊಸ ಕಾಲೇಜು ಕ್ರೀಡಾ ಚಾನೆಲ್ಲಿಗೆ ಹೋಯಿತು. ದೊಡ್ಡ ಕೇಬಲ್ ಕಂಪನಿಗಳು ಅದನ್ನು ಹಾಕುತ್ತೇವೆ, ಹಾಕುವುದಿಲ್ಲ ಎಂದು ಜಗ್ಗಾಡುತ್ತಿದ್ದವು. ಮನೆಮೇಲೆ ಡಿಶ್ ಛತ್ರಿ ಹಾಕುವ ಕಂಪನಿಯವರೂ ಅದರೊಡನೆ ಮಾತುಬಿಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ನೋಡೋಣವೆಂದರೆ, ನಮ್ಮೂರ ತಂತಿಯಲ್ಲಿ ಒಂದು ಚಿತ್ರ ಪೂರ್ತಿ ಮೂಡುವಷ್ಟರಲ್ಲಿ ಚಳಿಗಾಲ ಕಳೆಯುತ್ತಿತ್ತು. ಉಳಿದದ್ದು ನಮ್ಮ ಸಂಘ, ನಾನೂರ ಹನ್ನೆರಡು ಮನೆಗಳ ನಮ್ಮ ತಂತಿ, ಮತ್ತು ಆರ್ವಿಡ್.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕೆಫೆಯಲ್ಲಿ ಎಲ್ಮರ್ ನುಡ್ಸನ್ ಕೇಳಿದ, "ಏನೋ ಆರ್ವಿಡ್, ನಿನ್ನ ಮೊಮ್ಮಗಳ ಆಟ ಎಲ್ಲಾ ಆ ಹೊಸ ಚಾನೆಲ್‌ನಲ್ಲೇ ಅಂತೆ. ನಮಗೆ ಬರುತ್ತೋ ಇಲ್ವೋ?"

ಆರ್ವಿಡ್ ಬಾಯಿ ಒರೆಸಿಕೊಂಡ. "ಬರದೆ ಏನು? ಅಧ್ಯಕ್ಷ ಯಾರು? ಶಿಕಾಗೋದಿಂದ ಅವರ ಆಸಾಮಿ ನನ್ನ ನೋಡೋಕಂತಾನೇ ಬರ್ತಿದಾನೆ. ಮೊದಲನೇ ಬಿಲ್ಲೆ ಬೀಳೋದ್ರೊಳಗೆ ಚಾನೆಲ್ ನಿಮ್ಮನೇಲಿರುತ್ತೆ. ಬೇಕಾದ್ರೆ ಬರ್ದಿಟ್ಕೊ."

ಕೆಫೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಮ್ಮೂರಲ್ಲಿ 'ಆದರೂ ಆಗಬಹುದು' ಅನ್ನುವುದೇ ಭೀಷ್ಮ ಪ್ರತಿಜ್ಞೆ. ಬರೆದಿಟ್ಟುಕೊ ಎಂದು ಹೇಳಿದವನು ಅಲ್ಲಿಯವರೆಗೆ ಯಾರೂ ಹುಟ್ಟಿರಲಿಲ್ಲ. ಅವತ್ತು ಆರ್ವಿಡ್ ತನ್ನ ಪಾಲಿನ ಜಂಭವನ್ನು, ಅವನಪ್ಪನ ಪಾಲಿನದನ್ನೂ ಸೇರಿಸಿ, ಒಂದೇ ಏಟಿಗೆ ಖರ್ಚು ಮಾಡಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ವರ್ನಾ ಚರ್ಚಿನ ಇಪ್ಪತ್ತೆರಡು ಹೆಂಗಸರನ್ನು ಮೊದಲ ಪಂದ್ಯಕ್ಕೆ ಮನೆಗೆ ಕರೆದಾಗಿತ್ತು. ಎಲ್ಲರೂ ಎರಡು ಸಲ ಬೇಡ ಎಂದು, ಮೂರನೇ ಸಲ ಒಪ್ಪಿಕೊಂಡಿದ್ದರು. ಹಾಗೆ ಅವಳು ಅರವತ್ತಾರು ಸಲ ಫೋನಿನಲ್ಲಿ ಕರೆದಂತಾಯಿತು.

ಶಿಕಾಗೋದ ಆಸಾಮಿ ಬಂದೇ ಬಂದ. ಬ್ರೈಸ್ ಕಾಲ್ಡ್‌ವೆಲ್ ಎಂದು ಹೆಸರು. ಚೂಪು ಬೂಟು, ಹೊಳೆಯುವ ಹಲ್ಲು. ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಐದೂ ಜನ ನಿರ್ದೇಶಕರು ಸೇರಿದ್ದೆವು: ಆರ್ವಿಡ್, ನಾನು, ಇಬ್ಬರು ನುಡ್ಸನ್ ಸಹೋದರರು, ಮತ್ತು ಆರ್ಡಿಸ್ ಟೀಚರು. ಟೀಚರಿಗೆ ಎಂಬತ್ನಾಲ್ಕು. ನಮ್ಮೆಲ್ಲರಿಗೂ ವ್ಯಾಕರಣ ಕಲಿಸಿದವರು. ಅವರು ಮಾಡಿ ತಂದ ನಿಂಬೆ ಕೇಕನ್ನು ಬ್ರೈಸ್‌ನ ಮುಂದೆ ಹಿಡಿದು "ಒಂದು ತುಂಡು ತಗೊಳ್ತೀರಾ?" ಎಂದರು.

"ಓಹೋ, ಖಂಡಿತ!" ಎಂದ ಬ್ರೈಸ್.

ಮೊದಲ ಸಲಕ್ಕೇ! ಟೀಚರು ಎರಡನೇ ಸಲ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡರು. ಅವನು ಮೂರು ತುಂಡು ತಿಂದ. ಆಮೇಲೆ ತಟ್ಟೆಯಲ್ಲಿದ್ದ ಕೊನೆಯ ತುಂಡಿಗೂ ಕೈ ಹಾಕಿದ. ನಮ್ಮಲ್ಲಿ ಕೊನೆಯ ತುಂಡನ್ನು ಯಾರೂ ತಿನ್ನುವುದಿಲ್ಲ. ಅದನ್ನು ಅರ್ಧ ಮಾಡಿ ಅರ್ಧ ತೆಗೆದುಕೊಳ್ಳುತ್ತಾರೆ, ಮುಂದಿನವರು ಆ ಅರ್ಧವನ್ನು ಅರ್ಧ ಮಾಡುತ್ತಾರೆ, ಕಡೆಗೆ ಉಳಿದ ಪುಡಿಯನ್ನು ಹಕ್ಕಿಗಳಿಗೆ ಹಾಕುತ್ತಾರೆ. ಇವನು ಇಡಿಯಾಗಿ ಬಾಯಿಗಿಟ್ಟುಕೊಂಡ. ಈ ಮನುಷ್ಯನಿಗೆ ನಮ್ಮ ಭಾಷೆ ಬರುವುದಿಲ್ಲ ಎಂದು ಆಗಲೇ ನಮಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮ್ಮ ಹಣೆಬರಹ.

ಬ್ರೈಸ್ ಕೈ ಜಾಡಿಸಿಕೊಂಡು ಹೇಳಿದ, "ಸರ್, ನೇರವಾಗಿ ವಿಷಯಕ್ಕೆ ಬರ್ತೀನಿ. ದೊಡ್ಡ ಕಂಪನಿಗಳು ನಮ್ಮನ್ನ ಆಟ ಆಡಿಸ್ತಿವೆ. ನಿಮ್ಮಂಥ ಸಂಘದವರು ಹೂಂ ಅಂದ್ರೆ ಈ ವಾರನೇ ಶುರು ಮಾಡ್ತೀವಿ. ನಮ್ಮ ಚಾನೆಲ್ ನಿಮಗೆ ಬೇಕಾ?"

ಆರ್ವಿಡ್ ಲೋಟ ಕೆಳಗಿಟ್ಟ. "ಅಯ್ಯೋ, ಬೇಡ ಬಿಡಿ. ನಮಗೋಸ್ಕರ ನೀವ್ಯಾಕೆ ಇಷ್ಟೆಲ್ಲಾ ತೊಂದರೆ ತಗೋಬೇಕು?"

ಎಲ್ಮರ್ ಮೆಚ್ಚಿ ತಲೆದೂಗಿದ. ಲೂಥರ್ ನುಡ್ಸನ್ ಅಣ್ಣನನ್ನು ನೋಡಿ ತಾನೂ ತೂಗಿದ.

"ತೊಂದರೆ ಏನಿಲ್ಲ ಸರ್. ಒಂದು ಪೆಟ್ಟಿಗೆ ಕಳಿಸ್ತೀವಿ, ನಿಮ್ಮ ತಂತಿಗೆ ಸಿಕ್ಕಿಸೋದು, ಅಷ್ಟೇ. ನಿಜವಾಗ್ಲೂ ಬೇಡ್ವಾ?"

"ಬೇಡಪ್ಪ. ನಿಮಗಾಗಿ ದೊಡ್ಡ ದೊಡ್ಡ ಊರುಗಳು ಕಾಯ್ತಾ ಕೂತಿರ್ತವೆ. ನಾವು ಇರೋದ್ರಲ್ಲೇ ಹೇಗೋ ಸುಧಾರಿಸ್ಕೊಂಡು ಹೋಗ್ತೀವಿ."

ಎಂಥ ಬೇಡ ಅದು! ಎಪ್ಪತ್ತು ವರ್ಷ ನೋರ್ಬಿಯಲ್ಲಿ ಬದುಕಿದ ನಾನು ಅಷ್ಟು ಅಚ್ಚುಕಟ್ಟಾದ ಎರಡನೇ ಬೇಡವನ್ನು ಕೇಳಿರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಲು ನಾನು ಪೆನ್ನಿನ ಮುಚ್ಚಳ ತೆಗೆದೆ. ಟೀಚರು ಕನ್ನಡಕ ಹಾಕಿಕೊಂಡರು. ಎಲ್ಲರೂ ಬ್ರೈಸ್‌ನ ಬಾಯಿ ನೋಡುತ್ತ ಕೂತೆವು.

ಬ್ರೈಸ್ ಚೀಲದ ಜಿಪ್ ಎಳೆದ. "ಸರಿ ಸರ್. ನೀವು ಕಡ್ಡಿ ತುಂಡು ಮಾಡಿದ ಹಾಗೆ ನೇರವಾಗಿ ಹೇಳಿದ್ದು ನನಗೆ ತುಂಬಾ ಹಿಡಿಸ್ತು. ಎಷ್ಟೋ ಕಡೆ ಸುತ್ತಿ ಬಳಸಿ ಮಾತಾಡಿ ನಮ್ಮ ಸಮಯ ಹಾಳು ಮಾಡ್ತಾರೆ."

ನೇರವಾಗಿ ಹೇಳುವವನು! ಆರ್ವಿಡ್‌ನನ್ನು ಅವನ ಜನ್ಮದಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಆದರೂ ನಾವು ಗಾಬರಿಯಾಗಲಿಲ್ಲ. ನಮ್ಮಲ್ಲಿ ಮುಖ್ಯವಾದ ಮಾತು ನಡೆಯುವುದು ಕುರ್ಚಿಯಲ್ಲಲ್ಲ, ಹೊರಡುವಾಗ. ಬಾಗಿಲಲ್ಲಿ ಒಂದು ಕಾಲು ಗಂಟೆ, ಮೆಟ್ಟಿಲಲ್ಲಿ ಒಂದು ಕಾಲು ಗಂಟೆ, ಕಾರಿನ ಕಿಟಕಿಯ ಹತ್ತಿರ ಅರ್ಧ ಗಂಟೆ. ಮದುವೆ, ಆಸ್ತಿ, ಕ್ಯಾನ್ಸರ್ ಎಲ್ಲ ಕಾರಿನ ಕಿಟಕಿಯಲ್ಲೇ ಹೊರಬೀಳುವುದು. ಐವರೂ ಅವನ ಹಿಂದೆ ಕಾರಿನವರೆಗೆ ಹೋದೆವು.

ಬ್ರೈಸ್ ಕೂತ, ಕೈಬೀಸಿದ, ಹೊರಟೇ ಹೋದ!

"ಮೂಲೆ ಹತ್ರ ನಿಲ್ಲಿಸ್ತಾನೆ ನೋಡ್ತಿರಿ," ಎಂದ ಆರ್ವಿಡ್.

ಮೂಲೆಯಲ್ಲಿ ಕಾರಿನ ಹಿಂದಿನ ಕೆಂಪು ದೀಪ ಹತ್ತಿತು. "ಅಗೋ! ನಾನು ಹೇಳಿಲ್ವಾ!" ಎಂದು ಆರ್ವಿಡ್ ನಾಲ್ಕು ಹೆಜ್ಜೆ ಓಡಿದ. ಅಲ್ಲಿ ಎಲ್ಲ ಗಾಡಿಗಳೂ ನಿಲ್ಲಬೇಕೆಂಬ ಫಲಕವಿತ್ತು. ನಿಂತ ಕಾರು ಎಡಕ್ಕೆ ತಿರುಗಿ ಹೆದ್ದಾರಿ ಸೇರಿತು.

ಸಂಜೆ ಕೆಫೆಯಲ್ಲಿ ಎಲ್ಲರೂ ಮುತ್ತಿಕೊಂಡರು. "ಏನಾಯ್ತು? ಏನಂದ?"

"ಚೆನ್ನಾಗಿಯೇ ನಡೀತು," ಎಂದ ಆರ್ವಿಡ್. "ಎರಡು ಸಲ ಕೇಳಿದಾನೆ."

"ಹಾಗಾದ್ರೆ ಇನ್ನೊಂದೇ ಬಾಕಿ," ಎಂದು ಊರಿಗೆ ಊರೇ ಸಮಾಧಾನ ಪಟ್ಟುಕೊಂಡಿತು. ಇಡೀ ಊರು ಮೂರನೇ ಸಲಕ್ಕಾಗಿ ಕಾಯತೊಡಗಿತು. ಮೊದಲ ಪಂದ್ಯ ಬಂತು, ಹೋಯಿತು. ಇಪ್ಪತ್ತೆರಡು ಹೆಂಗಸರು ವರ್ನಾಳ ಮನೆಯಲ್ಲಿ ಕೂತು ಕಾಫಿ ಕುಡಿದು, ಬಾರದ ಚಾನೆಲ್ಲನ್ನು ಯಾರೂ ಬಾಯಿಗೆ ತರದೆ, ಹವಾಮಾನದ ವಿಷಯ ಎರಡು ಗಂಟೆ ಮಾತಾಡಿ ಎದ್ದುಹೋದರು. ಅದಕ್ಕಿಂತ ಅವರು ಉಗಿದಿದ್ದರೆ ವಾಸಿಯಿತ್ತು.

ಅಕ್ಟೋಬರಿನಲ್ಲಿ ಚಾನೆಲ್ಲಿನಿಂದ ಕಾಗದ ಬಂತು. 'ನಮ್ಮ ವಾಹಿನಿಯನ್ನು ತೆಗೆದುಕೊಳ್ಳದಿರುವ ನಿಮ್ಮ ತೀರ್ಮಾನವನ್ನು ಗೌರವಿಸುತ್ತೇವೆ. ಮುಂದೆ ನಿಮ್ಮ ಮನಸ್ಸು ಬದಲಾದರೆ ದಯವಿಟ್ಟು ಸಂಕೋಚಪಡದೆ ತಿಳಿಸಿ.' ತುರ್ತು ಸಭೆ ಸೇರಿದೆವು. ಚರ್ಚೆಯ ವಿಷಯ: ಇದು ಮೂರನೇ ಸಲ ಕೇಳಿದಂತೆ ಆಗುತ್ತದೋ, ಇಲ್ಲವೋ.

"'ದಯವಿಟ್ಟು' ಅಂದಿದಾರೆ. ಕೇಳ್ದಂಗೇ ಅಲ್ವಾ?" ಎಂದೆ ನಾನು.

ಆರ್ಡಿಸ್ ಟೀಚರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. "ಸೆಲ್ಮರ್, ಪ್ರಶ್ನಾರ್ಥಕ ಚಿಹ್ನೆ ಎಲ್ಲಿದೆ?"

"ಇಲ್ಲ ಟೀಚರ್."

"ಚಿಹ್ನೆ ಇಲ್ದೇ ಇರೋ ಪ್ರಶ್ನೆನ ಪ್ರಶ್ನೆ ಅಂತ ನಾಲ್ಕನೇ ಕ್ಲಾಸಲ್ಲಿ ನಿನಗೆ ಹೇಳ್ಕೊಟ್ಟಿದ್ನಾ ನಾನು?"

ನಾನು ತಲೆ ತಗ್ಗಿಸಿದೆ. ಎಲ್ಮರ್ ಕಾಗದವನ್ನು ಪ್ರಶ್ನೆ ಎಂದೇ ಭಾವಿಸೋಣವೆಂದು ಕೈ ಎತ್ತಿದ. ಲೂಥರ್ ಎತ್ತಲು ಹೊರಟು, ಟೀಚರ ಮುಖ ನೋಡಿ, ಆ ಕೈಯಿಂದ ಕಿವಿ ತುರಿಸಿಕೊಂಡ. ಅದು ಪ್ರಶ್ನೆಯಲ್ಲವೆಂದು ಬಹುಮತದಿಂದ ತೀರ್ಮಾನವಾಯಿತು. ಅಧ್ಯಕ್ಷರು ಉತ್ತರ ಬರೆಯಬೇಕೆಂದೂ ಆಯಿತು. ಆರ್ವಿಡ್ ಎರಡು ದಿನ ಕೂತು ಬರೆದದ್ದು ಇಷ್ಟು: 'ನಮ್ಮದೇನೂ ಅವಸರವಿಲ್ಲ. ನೀವು ತೊಂದರೆ ತಗೋಬೇಡಿ. ಈ ಕಡೆ ಬಂದರೆ ಕಾಫಿಗೆ ಬನ್ನಿ. ಈ ವರ್ಷ ಬೀಟ್‌ರೂಟ್ ಬೆಳೆ ಪರವಾಗಿಲ್ಲ.'

ಇದನ್ನು ಓದಿ ಶಿಕಾಗೋದವರು ಏನೆಂದುಕೊಂಡರೋ ದೇವರೇ ಬಲ್ಲ. ನವೆಂಬರಿನಲ್ಲಿ ಜಿಲ್ಲೆಯ ಪತ್ರಿಕೆಯಲ್ಲಿ, ಆ ಚಾನೆಲ್ಲನ್ನು ನಿರಾಕರಿಸಿದ ಕೇಬಲ್ ಕಂಪನಿಗಳ ಪಟ್ಟಿ ಬಂತು. ಮೊಟ್ಟಮೊದಲು ನಮ್ಮ ಸಂಘ. ಕೆಳಗೆ ದಪ್ಪ ಅಕ್ಷರದಲ್ಲಿ: "'ನಮಗೆ ಬೇಡ, ಇರುವುದರಲ್ಲೇ ಸುಧಾರಿಸಿಕೊಳ್ಳುತ್ತೇವೆ' — ಅಧ್ಯಕ್ಷ ಟೋಲೆಫ್ಸನ್."

ಊರು ಕೆರಳಿತು. ನಮ್ಮೂರು ಕೆರಳುವುದೆಂದರೆ ಕಲ್ಲು ತೂರುವುದಲ್ಲ. ಅದಕ್ಕಿಂತ ಭಯಂಕರ. ಎದುರಿಗೆ ಕಾರಿನಲ್ಲಿ ಬರುವವರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡುವುದು ಇಲ್ಲಿನ ರೂಢಿ. ಆರ್ವಿಡ್ ಎದುರಾದರೆ ಯಾರೂ ಬೆರಳೆತ್ತಲಿಲ್ಲ. ಅವನ ಆಚೆ ಪಕ್ಕದ ಮನೆಯವರು ಹಿಮ ಗುಡಿಸುವಾಗ ಮೊದಲಿನಂತೆ ಅವನ ಬಾಗಿಲವರೆಗೂ ಬಾರದೆ, ಎರಡು ಮನೆಗಳ ಗಡಿಗೆರೆಗೆ ಸರಿಯಾಗಿ ನಿಲ್ಲಿಸತೊಡಗಿದರು, ಒಂದು ಇಂಚು ಹೆಚ್ಚಿಲ್ಲ. ಕೆಫೆಯ ಹೆಂಗಸು ಅವನನ್ನು ಕಾಫಿಗೆ ಒಂದೇ ಸಲ ಕೇಳಿ ಮುಂದಿನ ಮೇಜಿಗೆ ಹೋಗಿಬಿಟ್ಟಳು. ಪಾಪ, ಆರ್ವಿಡ್ ಮಾಮೂಲಿನಂತೆ ಬೇಡ ಎಂದಿದ್ದ. ಅವತ್ತಿನಿಂದ ಕೆಫೆಯಲ್ಲಿ ಅವನಿಗೆ ಕಾಫಿಯೇ ಇಲ್ಲ.

ಚರ್ಚಿನ ಊಟದ ದಿನ ಪಾದ್ರಿಗಳು ಅವನ ಭುಜ ತಟ್ಟಿ, "ಪತ್ರಿಕೆ ನೋಡ್ದೆ ಆರ್ವಿಡ್. ನಿಮ್ಮ ಮಾತು... ಒಂಥರಾ ಬೇರೆ ಥರ ಇತ್ತು," ಎಂದರು. ಬೇರೆ ಥರ! ನಮ್ಮಲ್ಲಿ ಸಿಕ್ಕಿಬಿದ್ದ ಕಳ್ಳನನ್ನೂ ಅಷ್ಟು ಕಟುವಾಗಿ ಬೈಯುವುದಿಲ್ಲ. ಆರ್ವಿಡ್ ತಟ್ಟೆ ಅಲ್ಲೇ ಬಿಟ್ಟು ಮನೆಗೆ ಬಂದ.

ವರ್ನಾ ಆವರೆಗೆ ಏನೂ ಅಂದಿರಲಿಲ್ಲ. ಸಿಗ್ನೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. "ಹೇಗಾಯ್ತು ಪುಟ್ಟಾ?" ಎಂದರೆ "ಪರವಾಗಿಲ್ಲ ಅಜ್ಜಿ" ಅನ್ನುವಳು. ಅದರಿಂದ ಗೆದ್ದರೋ ಸೋತರೋ ದೇವರಿಗೂ ಗೊತ್ತಾಗುವಂತಿರಲಿಲ್ಲ. ಜನವರಿಯ ಒಂದು ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದಾಗ ಅವಳ ತಾಳ್ಮೆ ಹರಿಯಿತು.

"ಆರ್ವಿಡ್, ಆ ಶಿಕಾಗೋದವನಿಗೆ ಫೋನ್ ಮಾಡು. ನಮಗೆ ಚಾನೆಲ್ ಬೇಕು ಅಂತ ಹೇಳು."

"ಹಾಗೇನಾ? ಬಾಯಿಬಿಟ್ಟಾ? ಭಿಕ್ಷುಕರ ಥರಾನಾ?"

"ಹೂಂ. ಭಿಕ್ಷುಕರ ಥರಾನೇ."

"ಅವನು ಇನ್ನೊಂದು ಸಲ ಕೇಳ್ಬೇಕಲ್ವೇನೆ? ನ್ಯಾಯವಾಗಿ ಅವನ ಸರದಿ ಅದು."

"ನಿನ್ನ ನ್ಯಾಯಕ್ಕೆ ಬೆಂಕಿ ಬೀಳ್ಲಿ! ಅಳದೆ ಇದ್ರೆ ಹೆತ್ತಮ್ಮನೂ ಹಾಲು ಕೊಡಲ್ಲ. ಇನ್ನು ಏಳು ಆಟ ಉಳಿದಿದೆ. ಅಷ್ಟಾದ್ರೆ ಆ ಮಗು ಮತ್ತೆ ಯಾವತ್ತೂ ಗೋಲಲ್ಲಿ ನಿಲ್ಲಲ್ಲ. ನಾನೂ ಇನ್ನೆಷ್ಟು ದಿನ ಇರ್ತೀನೋ. ನನಗೆ ಅವಳನ್ನ ನೋಡ್ಬೇಕು ಆರ್ವಿಡ್. ಒಂದೇ ಒಂದು ಸಲ."

ಆರ್ವಿಡ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಫೋನು ಮಾಡುವುದೆಂದಾಯಿತು. ಅರ್ಧ ಊರೇ ಬಂದು ನಿಂತಿತು, ಬಿಲ್ಲು ಕಟ್ಟುವ ನೆಪದಲ್ಲಿ. ವರ್ನಾಳನ್ನು ನಾನೇ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಆರ್ವಿಡ್ ಬೆಳಗಿನಿಂದ ಗ್ಯಾರೇಜಿನಲ್ಲಿ ಒಬ್ಬನೇ ನಿಂತು 'ನಮಗೆ ಬೇಕು, ನಮಗೆ ಬೇಕು' ಎಂದು ಬಾಯಿಪಾಠ ಮಾಡಿದ್ದನ್ನು ಬೇಲಿಯ ಈ ಕಡೆಯಿಂದ ನಾನೇ ಕೇಳಿದ್ದೆ. ಒಂದು ಚೀಟಿಯಲ್ಲೂ ಬರೆದು ತಂದಿದ್ದ. ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದೆವು.

ಬ್ರೈಸ್ ಸಿಕ್ಕಿದ. ಆರ್ವಿಡ್ ಚಳಿಯ ವಿಷಯ ಎತ್ತಿದ. ಚಳಿಯಿಂದ ಗಾಳಿಗೆ, ಗಾಳಿಯಿಂದ ಕಾರಿನ ಬ್ಯಾಟರಿಗೆ ಬಂದ. ಹತ್ತು ನಿಮಿಷವಾಯಿತು. ಟೀಚರು ಕೆಮ್ಮಿದರು. ಆರ್ವಿಡ್ ಚೀಟಿಯನ್ನು ತಿರುಗಿಸಿ ಅದರ ಖಾಲಿ ಬೆನ್ನು ನೋಡಿದ.

ಆಗ ಬ್ರೈಸ್ ಕೇಳಿದ, "ಸರ್, ನನ್ನಿಂದ ಏನಾದ್ರೂ ಆಗ್ಬೇಕಿತ್ತಾ?"

ಕೇಳಿಯೇಬಿಟ್ಟ! ಮೂರನೇ ಸಲ! ನಾಲ್ಕು ತಿಂಗಳಿಂದ ಊರೇ ಬಾಯಿಬಿಟ್ಟುಕೊಂಡು ಕಾದಿದ್ದ ಮಾತು. ಪ್ರಶ್ನಾರ್ಥಕ ಚಿಹ್ನೆ ಟೀಚರಿಗೂ ಸ್ಪಷ್ಟವಾಗಿ ಕೇಳಿಸಿತು.

"ಅಯ್ಯೋ, ಏನಿಲ್ಲಪ್ಪ, ಏನಿಲ್ಲ," ಎಂದ ಆರ್ವಿಡ್. "ಸುಮ್ನೆ ಮಾಡ್ದೆ."

ಕಚೇರಿಯಲ್ಲಿ ಯಾರೋ 'ಅಯ್ಯೋ ದೇವರೇ' ಎಂದರು. ಎಲ್ಮರ್ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದ, ಲೂಥರ್ ತನ್ನದನ್ನೂ ಬಡಿದ. ಆರ್ವಿಡ್ ತಾನು ಅಂದದ್ದನ್ನು ತಾನೇ ಕೇಳಿಸಿಕೊಂಡು ಬೆವರುತ್ತ ನಿಂತಿದ್ದ. ಎಪ್ಪತ್ತೊಂದು ವರ್ಷದ ಅಭ್ಯಾಸ ಒಂದು ಬೆಳಗಿನ ಬಾಯಿಪಾಠಕ್ಕೆ ಬಗ್ಗುತ್ತದೆಯೇ? ಅವನ ಮೇಲೆ ನನಗೆ ಬಂದ ಕೋಪ, ಅವನ ಮುಖ ನೋಡಿ ಅಲ್ಲೇ ಸತ್ತುಹೋಯಿತು.

ವರ್ನಾ ಕುರ್ಚಿಯಿಂದ ಎದ್ದಳು. ಚೌಕಟ್ಟನ್ನು ಟಕ್ ಟಕ್ ಎಂದು ಊರುತ್ತ ಮೇಜಿನವರೆಗೆ ಬಂದು ಫೋನಿನ ಮೇಲೆ ಬಗ್ಗಿದಳು.

"ನಾನು ಅವರ ಹೆಂಡತಿ. ನಮಗೆ ನಿಮ್ಮ ಚಾನೆಲ್ ಬೇಕು."

ಚರ್ಚಿನಲ್ಲಿ ಯಾರೋ ಕೆಟ್ಟ ಮಾತಾಡಿದಂತೆ ಎಲ್ಲರೂ ನೆಲ ನೋಡಿದರು. ಅವಳು ಮಾತ್ರ ತಲೆ ತಗ್ಗಿಸಲಿಲ್ಲ.

"ಮೊದಲಿಂದಲೂ ಬೇಕಿತ್ತು," ಎಂದು ಸೇರಿಸಿದಳು. "ಅವತ್ತು ಬೇಡ ಅಂದಿದ್ದೂ ಬೇಕು ಅಂತಾನೇ."

ಅತ್ತ ಕಡೆಯಿಂದ ಬ್ರೈಸ್, "ಅಮ್ಮಾ, ನನಗೆ ಅರ್ಥ ಆಗ್ಲಿಲ್ಲ. ಆದ್ರೆ ಬಹಳ ಸಂತೋಷ," ಎಂದ. "ಅವತ್ತೇ ಒಂದು ಮಾತು ಹೇಳಿದ್ರೆ ಅದೇ ವಾರ ಕೊಡ್ತಿದ್ದೆ. ಈ ಸಲದ ಪೆಟ್ಟಿಗೆಗಳೆಲ್ಲಾ ಹಂಚಿ ಮುಗಿದ್ವು. ಇನ್ನು ಹೊಸ ಕಂತು ಬರೋದು ಏಪ್ರಿಲ್ ಒಂದಕ್ಕೆ. ನಿಮ್ಮ ಹೆಸರು ಮೊದಲನೇದಾಗಿ ಬರ್ಕೋತೀನಿ."

"ಏಪ್ರಿಲ್ ಒಂದು ಅಂದ್ರೆ ತಮಾಷೆ ಮಾಡ್ತಿದಾನಾ?" ಎಂದು ಟೀಚರು ನನ್ನ ಕಿವಿಯಲ್ಲಿ ಕೇಳಿದರು. ತಮಾಷೆಯಲ್ಲ. ಐಸ್ ಹಾಕಿಯ ಋತು ಮುಗಿಯುವುದು ಫೆಬ್ರವರಿಗೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಆಯ್ತಪ್ಪ. ತುಂಬಾ ಉಪಕಾರ," ಎಂದು ವರ್ನಾ ಫೋನಿಟ್ಟಳು. ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಬಿಲ್ಲು ಕಟ್ಟುವುದನ್ನು ಎಲ್ಲರೂ ಮರೆತಿದ್ದರು.

ಫೆಬ್ರವರಿಯ ಮೂರನೇ ಶನಿವಾರ ಕೊನೆಯ ಪಂದ್ಯ. ಆರ್ವಿಡ್ ಒಬ್ಬನೇ ಹೋಗಿ ನೋಡಿ ಬರಬಹುದಿತ್ತು. 'ಹೋಗಿ ಬಾ' ಎಂದು ವರ್ನಾ ಮೂರು ಸಲ ಹೇಳಿದಳು. ಮೂರು ಸಲವೂ ಬೇಡ ಎಂದ, ನಿಜವಾಗಿಯೂ ಬೇಡ ಎಂದ. ಎರಡು ಗಂಟೆಗೆ ಅವಳು ಕಾಲೇಜಿನ ಬಣ್ಣದ ಸ್ವೆಟರ್ ಹಾಕಿಕೊಂಡು, ಆರಿದ ಟಿ.ವಿ.ಯ ಮುಂದೆ ಕೂತಳು. ಒಂದು ಕಡೆ ಆರ್ವಿಡ್, ಒಂದು ಕಡೆ ನಾನು. ಗಡಿಯಾರ ನೋಡಿ "ಈಗ ಶುರುವಾಗಿರುತ್ತೆ" ಎಂದಳು. ಸ್ವಲ್ಪ ಹೊತ್ತಿಗೆ "ಈಗ ಮೊದಲನೇ ವಿರಾಮ" ಎಂದಳು. ಸಾಮಾನ್ಯವಾಗಿ ಪಂದ್ಯ ಮುಗಿದು ಫೋನು ಬರುವ ಹೊತ್ತು ಮೀರಿತು. ಇನ್ನೂ ಒಂದು ಗಂಟೆ ಮೀರಿತು. ಫೋನಿಲ್ಲ. ಹೀಗೇಕೆಂದು ಮೂವರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಕೊನೆಗೆ ಫೋನು ಬಂತು.

"ಹೇಗಾಯ್ತು ಪುಟ್ಟಾ?"

"ಪರವಾಗಿಲ್ಲ ಅಜ್ಜಿ. ಅಂಥಾ ಕೆಟ್ಟದೇನಲ್ಲ."

ಎಷ್ಟಾದರೂ ನಮ್ಮ ರಕ್ತ! ನಿಜ ತಿಳಿದದ್ದು ಮರುದಿನದ ಪತ್ರಿಕೆಯಿಂದ, ಮೂರೇ ಮೂರು ಸಾಲು. ಎರಡೂ ಕಡೆ ಗೋಲಿಲ್ಲದೆ ಹೆಚ್ಚುವರಿ ಆಟ ಮೂರು ಸಲ ನಡೆದಿತ್ತು. ಎದುರಾಳಿಗಳು ಐವತ್ತಮೂರು ಸಲ ಗೋಲಿಗೆ ಹೊಡೆದಿದ್ದರು. ಸಿಗ್ನೆ ಐವತ್ತೆರಡು ತಡೆದಿದ್ದಳು. ಸೋತು ಹೊರಗೆ ಬರುವಾಗ ಎರಡೂ ಕಡೆಯ ಜನ ಎದ್ದು ನಿಂತು ಅವಳಿಗೆ ಚಪ್ಪಾಳೆ ತಟ್ಟಿದರಂತೆ.

ವರ್ನಾ ಪತ್ರಿಕೆಯನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. "ಐವತ್ತೆರಡು ಸಲ ಬಿದ್ದು ಬಿದ್ದು ಎದ್ದಿದಾಳೆ ನನ್ನ ಕಂದ. ಅದರಲ್ಲಿ ಒಂದನ್ನಾದ್ರೂ ನೋಡೋ ಪುಣ್ಯ ನನಗಿರಲಿಲ್ವೇ!"

"ಎಲ್ಲಾ ನನ್ನಿಂದಲೇ ಆಯ್ತು ಕಣೆ," ಎಂದ ಆರ್ವಿಡ್.

ನಮ್ಮೂರ ಶಾಸ್ತ್ರದ ಪ್ರಕಾರ ಅವಳು 'ಛೇ ಛೇ, ಹಾಗೇನಿಲ್ಲ' ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಟೊಪ್ಪಿಗೆ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದೆ.

ಏಪ್ರಿಲ್ ಒಂದರಂದು ಮಧ್ಯಾಹ್ನ ಹನ್ನೆರಡಕ್ಕೆ ಚಾನೆಲ್ ಬಂತು. ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ. ಆ ಬ್ರೈಸ್ ಮಾತಿಗೆ ತಪ್ಪುವವನಲ್ಲ. ಬೇರೆಯವರ ಮಾತನ್ನೂ ಹಾಗೇ ನಂಬುತ್ತಾನೆ, ಅದೇ ನಮ್ಮನ್ನು ಕೊಂದದ್ದು. ಇಷ್ಟು ದಿನ ಬೆರಳೆತ್ತದಿದ್ದವರೆಲ್ಲ ಮಾಂಸದ ಮೇಲೆ ಆಲೂಗೆಡ್ಡೆ ಹಾಕಿ ಬೇಯಿಸುವ ಹಾಟ್‌ಡಿಶ್ಶಿನ ಬಿಸಿ ತಟ್ಟೆಗಳನ್ನು ಹಿಡಿದು ಟೋಲೆಫ್ಸನ್ ಮನೆಗೆ ಬಂದರು. ನಾನೇ ಗುಂಡಿ ಒತ್ತಿದೆ. ಪರದೆ ತುಂಬ ಹಸಿರು ಹುಲ್ಲು. ಅರಿಜೋನಾದಲ್ಲಿ ಯಾವುದೋ ಕಾಲೇಜಿನ ಹೆಣ್ಣುಮಕ್ಕಳ ಗಾಲ್ಫ್ ನಡೆಯುತ್ತಿತ್ತು. ಒಬ್ಬಳು ಹುಡುಗಿ ಚೆಂಡನ್ನು ಐದು ನಿಮಿಷ ನೋಡಿ, ಹೊಡೆಯದೆ, ಇನ್ನೊಂದು ಕಡೆಯಿಂದ ನೋಡಲು ಹೋದಳು.

"ಚಿತ್ರ ಚೆನ್ನಾಗಿ ಬರ್ತಿದೆ," ಎಂದರು ಪಾದ್ರಿಗಳು.

"ಹುಲ್ಲು ಹಸಿರಾಗಿದೆ," ಎಂದ ಎಲ್ಮರ್. ಲೂಥರ್ ಹೌದೆಂದ.

ಒಂದು ಗಂಟೆಯೊಳಗೆ ನನ್ನನ್ನು ಬಿಟ್ಟು ಎಲ್ಲರೂ ಖಾಲಿ. ನಮ್ಮೂರಲ್ಲಿ ಅಷ್ಟು ಚಿಕ್ಕ ಬೀಳ್ಕೊಡುಗೆಯನ್ನು ನಾನು ಕಂಡಿಲ್ಲ. ಆರ್ವಿಡ್ ಎದ್ದು ಟಿ.ವಿ. ಆರಿಸಲು ಹೋದ.

"ಇರ್ಲಿ, ಆರಿಸ್ಬೇಡ," ಎಂದಳು ವರ್ನಾ.

"ಗಾಲ್ಫ್ ಕಣೆ ಇದು. ನಿನಗೇನು ಗೊತ್ತಾಗುತ್ತೆ?"

"ಆ ಹುಡುಗಿ ಅಜ್ಜಿ ಯಾವ ಊರಲ್ಲಿದಾಳೋ. ಅವಳ ಮನೇಲಿ ಈ ಚಾನೆಲ್ ಬರುತ್ತೋ ಇಲ್ವೋ. ಪಾಪ, ಯಾರಾದ್ರೂ ನೋಡ್ಬೇಕಲ್ಲ."

ಆರ್ವಿಡ್ ಬಂದು ಅವಳ ಪಕ್ಕದಲ್ಲಿ ಕೂತ. ಹುಡುಗಿ ಕೊನೆಗೂ ಹೊಡೆದಳು. ಚೆಂಡು ಉರುಳಿ ಉರುಳಿ ಹೋಗಿ, ಕುಳಿಯ ಅಂಚಿನಲ್ಲಿ ನಿಂತುಬಿಟ್ಟಿತು. ವರ್ನಾ ಚಪ್ಪಾಳೆ ತಟ್ಟಿದಳು.